ಕ್ಯಾಟ್ ಆರ್‌ಸಿ ಅಭ್ಯಾಸ: ಹಳೇ ಪ್ರಶ್ನೆಪತ್ರಿಕೆಯೋ, ದಿನಪತ್ರಿಕೆಯೋ, ಮಾಕೋ, ಕೋಚಿಂಗೋ?

ಐಐಎಂನಂಥ ಕಾಲೇಜುಗಳಲ್ಲಿ ಎಂಬಿಎ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯ ಗಣಿತಕ್ಕೆ ಏನು ಓದಬೇಕು ಅಂತ ಕೇಳಿದರೆ ಸೀನಿಯರ್‌ಗಳು ಒಂದೆರಡು ಪುಸ್ತಕದ ಹೆಸರು ಹೇಳಿ ಮುಗಿಸುತ್ತಾರೆ. ಆರ್‌ಸಿಗೆ, ಅಂದರೆ ಇಂಗ್ಲಿಷ್ ಪ್ಯಾಸೇಜ್ ಓದಿ ಉತ್ತರಿಸುವ ರೀಡಿಂಗ್ ಕಾಂಪ್ರಹೆನ್ಷನ್‌ಗೆ, ಏನು ಓದಬೇಕು ಅಂತ ಕೇಳಿ ನೋಡಿ. ಒಬ್ಬರು ‘ದಿ ಹಿಂದೂ’ ಸಂಪಾದಕೀಯ ಓದು ಅಂತಾರೆ. ಇನ್ನೊಬ್ಬರು ಅದರಿಂದ ಏನೂ ಆಗಲ್ಲ, ದಿನಾ ನಾಲ್ಕು ಪ್ಯಾಸೇಜ್ ಮಾಡು ಅಂತಾರೆ. ಮೂರನೆಯವರು ಸುಮ್ನೆ ಕೋಚಿಂಗ್ ಸೇರ್ಕೋ, ಮಿಕ್ಕಿದ್ದು ಅವರೇ ನೋಡ್ಕೋತಾರೆ ಅಂತಾರೆ. ಮೂವರ ಮಾತಲ್ಲೂ ಅಷ್ಟಿಷ್ಟು ನಿಜ ಇದೆ. ಗೊಂದಲ ಶುರುವಾಗುವುದೇ ಅಲ್ಲಿ.

ಈ ಬರಹ ಮುಖ್ಯವಾಗಿ ಕ್ಯಾಟ್ ಬರೆಯುವವರಿಗೆ. ಪಿಜಿಸಿಇಟಿ (ಕರ್ನಾಟಕದ ಸ್ನಾತಕೋತ್ತರ ಪ್ರವೇಶ ಪರೀಕ್ಷೆ), ಸಿಯುಇಟಿ ಪಿಜಿ (ದೇಶದ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಪರೀಕ್ಷೆ), ಜಿಆರ್‌ಇ (ಹೊರದೇಶದಲ್ಲಿ ಎಂಎಸ್‌ನಂಥ ಕೋರ್ಸಿಗೆ) ಬರೆಯುವವರಿಗೆ ಲೆಕ್ಕ ಎಲ್ಲಿ ಬದಲಾಗುತ್ತದೆ ಅನ್ನುವುದನ್ನು ಕೊನೆಯ ಕಡೆ ಹೇಳಿದ್ದೇನೆ.

ಮೊದಲು ಅಂಕದ ಲೆಕ್ಕ

2021ರಿಂದ 2024ರವರೆಗಿನ ಕ್ಯಾಟ್ ಪತ್ರಿಕೆಗಳಲ್ಲಿ ಇಂಗ್ಲಿಷ್ ಭಾಗಕ್ಕೆ 24 ಪ್ರಶ್ನೆ, 40 ನಿಮಿಷ. ಅದರಲ್ಲಿ 16 ಪ್ರಶ್ನೆ ಆರ್‌ಸಿ: ನಾಲ್ಕು ಪ್ಯಾಸೇಜ್, ಒಂದೊಂದಕ್ಕೆ ನಾಲ್ಕು ಪ್ರಶ್ನೆ. ಸರಿ ಉತ್ತರಕ್ಕೆ 3 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ. ಅಂದರೆ 72 ಅಂಕದಲ್ಲಿ 48 ಆರ್‌ಸಿಯದ್ದೇ. 40 ನಿಮಿಷ ಮುಗಿಯುವ ತನಕ ಬೇರೆ ಭಾಗಕ್ಕೆ ಹೋಗುವ ಹಾಗೂ ಇಲ್ಲ. ಐಐಎಂಗಳು ಒಟ್ಟು ಪರ್ಸೆಂಟೈಲ್ ಒಂದನ್ನೇ ನೋಡುವುದಿಲ್ಲ, ಪ್ರತಿ ಭಾಗಕ್ಕೂ ಬೇರೆ ಕಟ್ ಆಫ್ ಇಡುತ್ತವೆ. ಗಣಿತದಲ್ಲಿ ಎಷ್ಟೇ ಬಂದರೂ ಇಲ್ಲಿ ಜಾರಿದರೆ ಇಂಟರ್ವ್ಯೂಗೆ ಕರೆ ಬರುವುದಿಲ್ಲ.

ಇಬ್ಬರನ್ನು ತಗೊಳ್ಳೋಣ. ಒಬ್ಬ 16 ಪ್ರಶ್ನೆಗೂ ಉತ್ತರ ಕೊಟ್ಟ. 8 ಸರಿ, 8 ತಪ್ಪು. ಸಿಕ್ಕಿದ್ದು 24, ಹೋಗಿದ್ದು 8, ಉಳಿದಿದ್ದು 16. ಇನ್ನೊಬ್ಬಳು ಮೂರೇ ಪ್ಯಾಸೇಜ್ ಓದಿ 12 ಪ್ರಶ್ನೆಗೆ ಉತ್ತರ ಕೊಟ್ಟಳು. 9 ಸರಿ, 3 ತಪ್ಪು. ಅವಳಿಗೆ 24 ಅಂಕ. ಕಡಿಮೆ ಓದಿದವಳಿಗೇ 8 ಅಂಕ ಜಾಸ್ತಿ.

ವೇಗದ ವಿಷಯವೂ ಹಾಗೇ. ಕ್ಯಾಟ್ ಪ್ಯಾಸೇಜ್ ಸುಮಾರು 500 ಪದ ಇರುತ್ತದೆ. ನಿಮಿಷಕ್ಕೆ 150 ಪದ ಓದುವವರಿಗೆ, ಅಂದರೆ ನಿಧಾನವಾಗಿ ಓದುವವರಿಗೆ, ಮೂರೂವರೆ ನಿಮಿಷದೊಳಗೆ ಮುಗಿಯುತ್ತದೆ. ಒಂದು ಪ್ಯಾಸೇಜಿಗೆ ಎಂಟು ನಿಮಿಷ ಇಟ್ಟುಕೊಂಡರೂ ನಾಲ್ಕೂವರೆ ನಿಮಿಷ ಪ್ರಶ್ನೆಗಳಿಗೆ ಉಳಿಯಿತಲ್ಲ. ಹೆಚ್ಚಿನವರು ಸಮಯ ಕಳೆಯುವುದು ಓದುವುದರಲ್ಲಲ್ಲ, ನಾಲ್ಕರಲ್ಲಿ ಎರಡು ಆಪ್ಷನ್ ತೆಗೆದುಹಾಕಿದ ಮೇಲೆ ಉಳಿದ ಎರಡರ ಮಧ್ಯೆ ಒದ್ದಾಡುವುದರಲ್ಲಿ. ಹಾಗಾಗಿ ಸ್ಪೀಡ್ ರೀಡಿಂಗ್ ಆ್ಯಪ್, ಕೋರ್ಸ್‌ಗಳನ್ನು ಈ ಹೋಲಿಕೆಗೆ ತಂದೇ ಇಲ್ಲ. ದುಡ್ಡು ಉಳಿಸಿಕೊಳ್ಳಿ.

ಯಾವ ಅಳತೆಯಿಂದ ನೋಡಬೇಕು

ನನ್ನ ಮಟ್ಟಿಗೆ ಮೊದಲ ಅಳತೆ ಒಂದೇ: ಅಭ್ಯಾಸಕ್ಕೆ ಸಿಗುವ ತಪ್ಪು ಆಪ್ಷನ್‌ಗಳು ಎಷ್ಟು ಚೆನ್ನಾಗಿವೆ? ಪ್ಯಾಸೇಜ್ ಎಲ್ಲಿ ಬೇಕಾದರೂ ಸಿಗುತ್ತದೆ. ಸರಿ ಅಂತ ಅನಿಸುವ ತಪ್ಪು ಉತ್ತರ ಬರೆಯುವುದು ಕಷ್ಟದ ಕೆಲಸ.

ಏನು ಹೇಳುತ್ತಿದ್ದೇನೆ ಅಂತ ಒಂದು ಚಿಕ್ಕ ಉದಾಹರಣೆಯಲ್ಲಿ ನೋಡಿ. ಇಂಗ್ಲಿಷ್ ಅಡ್ಡ ಬರದಿರಲಿ ಅಂತ ಕನ್ನಡದಲ್ಲೇ ಕೊಡುತ್ತೇನೆ.

“ಬಯಲುಸೀಮೆಯ ಕೆರೆಗಳ ಹೂಳೆತ್ತಿದರೆ ನೀರು ನಿಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಆದರೆ ಕೆರೆಗೆ ನೀರು ತರುವ ಕಾಲುವೆಗಳೇ ಮುಚ್ಚಿಹೋಗಿರುವ ಕಡೆ, ಹೂಳೆತ್ತಿದ ಮೇಲೂ ಕೆರೆ ಬರಿದಾಗಿಯೇ ಉಳಿದ ಉದಾಹರಣೆಗಳಿವೆ.”

ಲೇಖಕರ ಅಭಿಪ್ರಾಯ ಯಾವುದು?

ಒಂದು, ಹೂಳೆತ್ತುವುದು ವ್ಯರ್ಥ ಕೆಲಸ.
ಎರಡು, ಕಾಲುವೆಗಳನ್ನು ತೆರೆದರೆ ಹೂಳೆತ್ತುವ ಅಗತ್ಯವೇ ಬೀಳುವುದಿಲ್ಲ.
ಮೂರು, ಕೆರೆಗಳ ಒತ್ತುವರಿ ತೆರವು ಮಾಡಬೇಕು.
ನಾಲ್ಕು, ಕೆಲವು ಕಡೆ ಹೂಳೆತ್ತಿದರಷ್ಟೇ ಸಾಲದು.

ಸರಿ ಉತ್ತರ ನಾಲ್ಕನೆಯದು. ಓದುವಾಗ ಸಪ್ಪೆ ಅನಿಸುತ್ತದೆ, ಅಲ್ವಾ? ಸರಿ ಉತ್ತರಗಳು ಬಹಳ ಸಲ ಹೀಗೇ ಇರುತ್ತವೆ. ಮೊದಲನೆಯದು ಲೇಖಕರ ಮಾತನ್ನು ಅತಿಗೆ ಎಳೆದಿದೆ. ಎರಡನೆಯದು ಅವರ ಮಾತನ್ನು ತಿರುಗಿಸಿ ಹಾಕಿದೆ. ಮೂರನೆಯದು ಲೋಕದಲ್ಲಿ ನಿಜವೇ, ಪ್ಯಾಸೇಜಿನಲ್ಲಿ ಮಾತ್ರ ಇಲ್ಲ. ಚೆನ್ನಾಗಿ ಓದಿಕೊಂಡವರು, ಸಾಮಾನ್ಯ ಜ್ಞಾನ ಇರುವವರು ಹೆಚ್ಚಾಗಿ ಬೀಳುವುದು ಈ ಮೂರನೆಯದಕ್ಕೆ. ತಮಗೆ ಗೊತ್ತಿರುವುದನ್ನು ಲೇಖಕರ ಬಾಯಿಗೆ ಹಾಕಿಬಿಡುತ್ತಾರೆ.

ಎರಡನೆಯ ಅಳತೆ: ತಪ್ಪು ಯಾಕೆ ತಪ್ಪು ಅಂತ ಯಾರಾದರೂ ವಿವರಿಸುತ್ತಾರಾ? “ಉತ್ತರ ನಾಲ್ಕು, ಎರಡನೇ ಪ್ಯಾರಾ ನೋಡಿ” ಅನ್ನುವುದು ವಿವರಣೆ ಅಲ್ಲ. ಇವೆರಡರ ನಂತರ ನಿಮ್ಮ ಈಗಿನ ಮಟ್ಟ, ಕೈಯಲ್ಲಿರುವ ದುಡ್ಡು, ಉಳಿದಿರುವ ತಿಂಗಳು ಬರುತ್ತವೆ. ಪರೀಕ್ಷೆ ಕಂಪ್ಯೂಟರ್ ಮೇಲೆ, ಪ್ಯಾಸೇಜ್ ಒಂದು ಕಡೆ ಪ್ರಶ್ನೆ ಇನ್ನೊಂದು ಕಡೆ. ಪುಸ್ತಕದಲ್ಲಿ ಪೆನ್ಸಿಲ್ ಗೆರೆ ಎಳೆದು ಓದುವ ರೂಢಿ ಅಲ್ಲಿ ನಡೆಯುವುದಿಲ್ಲ. ಹಾಗಾಗಿ ದೊಡ್ಡ ಪರದೆಯ ಮೇಲೆ ಅಭ್ಯಾಸ ಆಗುತ್ತದಾ ಅನ್ನುವುದನ್ನೂ ನೋಡಬೇಕು.

ಹಳೇ ಪ್ರಶ್ನೆಪತ್ರಿಕೆ

ಮೊದಲ ಅಳತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ಆಪ್ಷನ್‌ಗಳನ್ನು ಬರೆದಿರುವುದು ಪರೀಕ್ಷೆ ನಡೆಸುವವರೇ. 2017ರಿಂದ ಈಚೆಗಿನ ಪತ್ರಿಕೆಗಳು ಸಲೀಸಾಗಿ ಸಿಗುತ್ತವೆ, ಅದೂ ಬಿಟ್ಟಿಯಾಗಿ. 2021ರಿಂದ 2024ರವರೆಗೆ ವರ್ಷಕ್ಕೆ ಮೂರು ಸ್ಲಾಟ್ (ಒಂದೇ ದಿನ ಮೂರು ಹೊತ್ತಿಗೆ ಬೇರೆ ಬೇರೆ ಪತ್ರಿಕೆ), ಸ್ಲಾಟಿಗೆ ನಾಲ್ಕು ಪ್ಯಾಸೇಜ್. ಒಟ್ಟು 48 ಪ್ಯಾಸೇಜ್, 192 ಪ್ರಶ್ನೆ. 2017ರಿಂದ 2019ರವರೆಗಿನ ಪತ್ರಿಕೆಗಳಲ್ಲಿ ಸ್ಲಾಟಿಗೆ 24 ಆರ್‌ಸಿ ಪ್ರಶ್ನೆ ಇರುತ್ತಿದ್ದವು. ಅವುಗಳನ್ನೂ ಸೇರಿಸಿಕೊಂಡರೆ ಕೆಲವು ತಿಂಗಳಿಗೆ ಆಗುವಷ್ಟು ಸರಕು.

ತೊಂದರೆ ಎರಡು. ಮೊದಲನೆಯದು, ಇದು ಮುಗಿಯುವ ಸರಕು. ಶುರುವಿನಲ್ಲೇ ದಿನಕ್ಕೆ ನಾಲ್ಕು ಅಂತ ಮಾಡಿ ಮುಗಿಸಿಬಿಟ್ಟರೆ ಅಕ್ಟೋಬರ್ ಹೊತ್ತಿಗೆ ಹೊಸದು ಏನೂ ಉಳಿದಿರುವುದಿಲ್ಲ. ಕ್ಯಾಟ್ ನಡೆಯುವುದು ನವೆಂಬರ್ ಕೊನೆಯಲ್ಲಿ. ಆದ್ದರಿಂದ ಇತ್ತೀಚಿನ ಎರಡು ವರ್ಷದ ಪತ್ರಿಕೆಗಳನ್ನು ಮುಟ್ಟದೆ ಎತ್ತಿಡಿ, ಹಳೆಯದರಿಂದ ಶುರು ಮಾಡಿ. ಎರಡನೆಯದು, ಉತ್ತರ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಬೇರೆ ಬೇರೆ ಕೋಚಿಂಗ್ ಸಂಸ್ಥೆಗಳು ಅದೇ ಪ್ರಶ್ನೆಗೆ ವಿವರಣೆ ಬರೆದು ಹಾಕಿರುತ್ತವೆ, ಯೂಟ್ಯೂಬ್‌ನಲ್ಲೂ ಇವೆ. ಅವುಗಳನ್ನು ನೋಡುವ ಮೊದಲು ನಿಮ್ಮ ಕಾರಣವನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಮೊದಲೇ ನೋಡಿಬಿಟ್ಟರೆ ಎಲ್ಲವೂ “ಹೌದಲ್ಲ, ನನಗೂ ಗೊತ್ತಿತ್ತು” ಅನಿಸುತ್ತದೆ.

ಒಂದು ನೋಟ್‌ಬುಕ್ ಇಟ್ಟು, ತಪ್ಪಾದ ಪ್ರತಿ ಪ್ರಶ್ನೆಯ ಮುಂದೆ ಯಾವ ಜಾತಿಯ ತಪ್ಪು ಅಂತ ಗುರುತು ಹಾಕಿ. ಅತಿ ಮಾಡಿದ್ದು, ತಿರುಗಿಸಿದ್ದು, ಹೊರಗಿನಿಂದ ತಂದಿದ್ದು, ವಾಕ್ಯವೇ ಅರ್ಥವಾಗದ್ದು. ಇಪ್ಪತ್ತು ಪ್ಯಾಸೇಜ್ ಆಗುವ ಹೊತ್ತಿಗೆ ಯಾವುದೋ ಒಂದು ಕಲಂ ಉದ್ದ ಬೆಳೆದಿರುತ್ತದೆ. ಮುಂದೆ ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಆ ಕಲಂ ಹೇಳುತ್ತದೆ. ಅದಕ್ಕೆ ಮುಂಚೆ ಏನನ್ನೂ ಕೊಳ್ಳಬೇಡಿ ಅನ್ನುವುದು ನನ್ನ ಮಾತು.

ದಿನಪತ್ರಿಕೆ, ಉದ್ದ ಲೇಖನಗಳು

ಸಂಪಾದಕೀಯ ಓದಿ ಆರ್‌ಸಿ ಬರುತ್ತದಾ? ನೇರವಾಗಿ ಬರುವುದಿಲ್ಲ. ಅದರಲ್ಲಿ ಪ್ರಶ್ನೆಯೂ ಇಲ್ಲ, ಆಪ್ಷನ್ನೂ ಇಲ್ಲ. ಜೊತೆಗೆ ಸಂಪಾದಕೀಯದ ಲೇಖಕರು ವಾದದ ಯಾವ ಕಡೆ ಇದ್ದಾರೆ ಅಂತ ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಕ್ಯಾಟ್ ಪ್ಯಾಸೇಜುಗಳು ಅಷ್ಟು ನೇರ ಇರುವುದಿಲ್ಲ. ತತ್ವಶಾಸ್ತ್ರ, ಮಾನವಶಾಸ್ತ್ರ, ಕಲೆಯ ಇತಿಹಾಸ, ಜೀವವಿಜ್ಞಾನ ಹೀಗೆ ಎಲ್ಲೆಲ್ಲಿಂದಲೋ ಬರುತ್ತವೆ. ಬೇರೆಯವರ ವಾದ ಹೇಳಿ, ಅದನ್ನು ಅರ್ಧ ಒಪ್ಪಿ, ಆಮೇಲೆ ತಮ್ಮ ಮಾತಿಗೆ ಬರುತ್ತವೆ.

ಆ ಬಗೆಯ ಬರಹ ಬೇಕಿದ್ದರೆ ‘ಈಯಾನ್’ ಅಂತಹ ಉಚಿತ ಜಾಲತಾಣದ ಪ್ರಬಂಧಗಳು ದಿನಪತ್ರಿಕೆಗಿಂತ ಹತ್ತಿರ. ಆದರೆ ಉದ್ದ ಜಾಸ್ತಿ, ಮಟ್ಟವೂ ಜಾಸ್ತಿ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮೊದಲ ದಿನವೇ ಅದನ್ನು ತೆರೆದು ಕೂತರೆ ಒಂದೇ ವಾರಕ್ಕೆ ಬೇಸರ ಬರುತ್ತದೆ. ಅವರಿಗೆ ‘ಡೆಕ್ಕನ್ ಹೆರಾಲ್ಡ್’ ಅಥವಾ ‘ದಿ ಹಿಂದೂ’ ಒಳ್ಳೆಯ ಮೆಟ್ಟಿಲು. ವಿಷಯ ನಮ್ಮ ಸುತ್ತಮುತ್ತಲಿನದ್ದು, ಹಾಗಾಗಿ ಭಾಷೆಯ ಮೇಲೆ ಗಮನ ಇಡಬಹುದು. ಹತ್ತಿರದ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದರೆ ಖರ್ಚೂ ಇಲ್ಲ.

ಇಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. ‘ಪ್ರಜಾವಾಣಿ’ಯ ಅಭಿಮತ ಪುಟದಿಂದ ಒಂದು ಲೇಖನ ತೆಗೆದುಕೊಂಡು ಓದಿ, ಪತ್ರಿಕೆ ಮಡಚಿಟ್ಟು ಲೇಖಕರ ವಾದವನ್ನು ಎರಡು ವಾಕ್ಯದಲ್ಲಿ ಬರೆಯಿರಿ. ಮರುದಿನ ಇಂಗ್ಲಿಷ್ ಲೇಖನಕ್ಕೂ ಅದನ್ನೇ ಮಾಡಿ. ಕನ್ನಡದಲ್ಲಿ ಸಲೀಸು, ಇಂಗ್ಲಿಷಿನಲ್ಲಿ ಕಷ್ಟ ಅಂತಾದರೆ ನಿಮಗೆ ಬೇಕಿರುವುದು ಹೆಚ್ಚು ಓದು. ಕನ್ನಡದಲ್ಲೂ ಕಷ್ಟ ಅಂತಾದರೆ ತೊಂದರೆ ಇಂಗ್ಲಿಷಿನದ್ದಲ್ಲ, ವಾದ ಹಿಡಿಯುವ ರೂಢಿಯದ್ದು. ಆಗ ಪದಪಟ್ಟಿ ಬಾಯಿಪಾಠ ಮಾಡಿ ಏನೂ ಸಿಗುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದ ಎಂಜಿನಿಯರ್‌ಗಳಲ್ಲೂ ಈ ಎರಡನೆಯ ಗುಂಪು ದೊಡ್ಡದೇ.

ಎಂಟು, ಹತ್ತು ತಿಂಗಳಿದ್ದರೆ ಈ ದಾರಿಗೆ ಬೆಲೆ ಇದೆ. ಮೂರೇ ತಿಂಗಳಿದ್ದರೆ ದಿನಕ್ಕೆ ಒಂದು ಲೇಖನ ಸಾಕು, ಉಳಿದ ಸಮಯ ಪ್ರಶ್ನೆಗಳಿಗೆ ಕೊಡಿ.

ಅಂಗಡಿಯಲ್ಲಿ ಸಿಗುವ ಪುಸ್ತಕ

ಸಾವಿರ ರೂಪಾಯಿಯೊಳಗೆ ದಪ್ಪ ಪುಸ್ತಕ ಸಿಗುತ್ತದೆ, ನೂರಾರು ಪ್ಯಾಸೇಜ್ ಇರುತ್ತವೆ. ಸುಲಭದಿಂದ ಕಷ್ಟಕ್ಕೆ ಜೋಡಿಸಿರುತ್ತಾರೆ ಅನ್ನುವುದೇ ದೊಡ್ಡ ಅನುಕೂಲ. ಶುರು ಮಾಡುವವರಿಗೆ ಹೊಂದುತ್ತದೆ. ಆದರೆ ಆಪ್ಷನ್‌ಗಳ ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಕೆಲವು ಕಡೆ ಕೊಟ್ಟಿರುವ ಉತ್ತರವೇ ಅನುಮಾನ ಹುಟ್ಟಿಸುತ್ತದೆ. ಹಳೇ ಆವೃತ್ತಿ ಕೊಂಡರೆ ಈಗಿನ ಮಾದರಿಗೆ ಹೊಂದದ ಉದ್ದುದ್ದ ಪ್ಯಾಸೇಜ್‌ಗಳೇ ತುಂಬಿರಬಹುದು. ಒಂದು ಸಾಕು. ಎರಡನೆಯದಕ್ಕೆ ಕೈ ಹಾಕಬೇಡಿ.

ಮಾಕ್ ಟೆಸ್ಟ್ ಸರಣಿ

ನಿಜವಾದ ಪರೀಕ್ಷೆಯ ಹಾಗೇ ಗಡಿಯಾರ ಇಟ್ಟು ಬರೆಯುವ ಅಣಕು ಪರೀಕ್ಷೆಗಳು. ಖರ್ಚು ಕೆಲವು ಸಾವಿರ ರೂಪಾಯಿ. ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ನಾನು ಮೊದಲು ಇಡುವುದು ಇದನ್ನೇ. ಗಡಿಯಾರ ಓಡುತ್ತಿರುವಾಗ ಯಾವ ಪ್ಯಾಸೇಜ್ ಬಿಡಬೇಕು ಅಂತ ನಿರ್ಧಾರ ಮಾಡುವುದನ್ನು ಬೇರೆ ಯಾವುದೂ ಕಲಿಸುವುದಿಲ್ಲ. ಮೇಲೆ ಹೇಳಿದ ಹುಡುಗಿಗೆ 24 ಅಂಕ ಬಂದಿದ್ದು ಆ ನಿರ್ಧಾರದಿಂದ. ಪೂರ್ತಿ ಮಾಕ್ ಜೊತೆಗೆ ಒಂದೇ ಭಾಗದ, 40 ನಿಮಿಷದ ಸೆಕ್ಷನಲ್ ಟೆಸ್ಟ್‌ಗಳೂ ಇರುವ ಸರಣಿ ನೋಡಿ. ಕೆಲಸಕ್ಕೆ ಹೋಗುವವರಿಗೆ ರಾತ್ರಿ ಊಟ ಆದಮೇಲೆ ಎರಡು ಗಂಟೆ ಕೂರುವುದು ಆಗದ ಮಾತು, 40 ನಿಮಿಷ ಆಗುತ್ತದೆ.

ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ದೊಡ್ಡ ಸಂಸ್ಥೆಗಳು ಒಂದೆರಡು ಮಾಕ್ ಬಿಟ್ಟಿ ಕೊಡುತ್ತವೆ. ಬರೆದು ನೋಡಿ, ತಪ್ಪಾದ ಆರ್‌ಸಿ ಪ್ರಶ್ನೆಗಳ ವಿವರಣೆ ಓದಿ. ಉಳಿದ ಮೂರು ಆಪ್ಷನ್ ಯಾಕೆ ತಪ್ಪು ಅಂತ ಬರೆದಿದ್ದಾರಾ? ಬರೆದಿದ್ದರೆ ತಗೊಳ್ಳಿ. ಸರಿ ಉತ್ತರವನ್ನಷ್ಟೇ ತೋರಿಸಿ ಕೈ ತೊಳೆದುಕೊಂಡಿದ್ದರೆ ಬೇರೆಯದು ನೋಡಿ. ಹಾಗೇ, ಒಂದು ಸಂಸ್ಥೆಯ ಮಾಕ್‌ಗಳನ್ನೇ ಬರೆಯುತ್ತಿದ್ದರೆ ಆ ಸಂಸ್ಥೆಯವರ ಮನಸ್ಸು ಓದುವುದನ್ನು ಕಲಿಯುತ್ತೀರಿ. ಹಾಗಾಗಿ ನಡುನಡುವೆ ಹಳೇ ಕ್ಯಾಟ್ ಪ್ಯಾಸೇಜ್‌ಗೆ ವಾಪಸ್ ಬರುತ್ತಿರಬೇಕು.

ಕೋಚಿಂಗ್ ಕ್ಲಾಸ್

ಹತ್ತಾರು ಸಾವಿರ ಖರ್ಚು. ಗಣಿತ, ಲಾಜಿಕ್‌ಗೂ ಸಹಾಯ ಬೇಕಿದ್ದರೆ ಅದು ಬೇರೆ ಲೆಕ್ಕ. ಆರ್‌ಸಿ ಒಂದಕ್ಕೇ ಸೇರುವುದಾದರೆ ನನಗೆ ಒಪ್ಪಿಗೆ ಇಲ್ಲ. ಅರವತ್ತು ಜನರ ಕ್ಲಾಸಿನಲ್ಲಿ ಮೇಷ್ಟ್ರು ಪ್ಯಾಸೇಜ್ ಬಿಡಿಸಿ ತೋರಿಸುವಾಗ ಎಲ್ಲ ಅರ್ಥವಾಗುತ್ತದೆ. ಮನೆಗೆ ಬಂದು ಒಬ್ಬರೇ ಕೂತಾಗ ಮತ್ತೆ ಅದೇ ಎರಡು ಆಪ್ಷನ್. ಈಜು ನೋಡುವುದಕ್ಕೂ ನೀರಿಗಿಳಿಯುವುದಕ್ಕೂ ಇರುವ ವ್ಯತ್ಯಾಸ.

ಕೋಚಿಂಗ್ ಉಪಯೋಗಕ್ಕೆ ಬರುವುದು ಇಬ್ಬರಿಗೆ. ಯಾರಾದರೂ ಹಿಂದೆ ಬೀಳದಿದ್ದರೆ ಓದದೇ ಇರುವವರಿಗೆ, ಮತ್ತು ಸಣ್ಣ ಬ್ಯಾಚ್‌ನಲ್ಲಿ ತಮ್ಮ ತಪ್ಪನ್ನು ಮೇಷ್ಟ್ರ ಮುಂದಿಟ್ಟು ಚರ್ಚೆ ಮಾಡುವ ಅವಕಾಶ ಸಿಕ್ಕವರಿಗೆ. ಸೇರುವ ಮುಂಚೆ ಡೆಮೊ ಕ್ಲಾಸಿಗೆ ಹೋದಾಗ ಇದನ್ನೇ ಗಮನಿಸಿ: ವಿದ್ಯಾರ್ಥಿ “ನನಗೆ ಎರಡನೆಯದು ಸರಿ ಅನಿಸಿತು” ಅಂದಾಗ ಮೇಷ್ಟ್ರು ನಿಲ್ಲುತ್ತಾರಾ, ಮುಂದೆ ಹೋಗುತ್ತಾರಾ? ಬಳ್ಳಾರಿ, ಹಾಸನದಂಥ ಕಡೆ ಇರುವವರು ಕೋಚಿಂಗ್‌ಗೋಸ್ಕರ ಬೆಂಗಳೂರಿನಲ್ಲಿ ಪಿಜಿ ಹುಡುಕಬೇಕಾಗಿಲ್ಲ. ಪಿಜಿ ಬಾಡಿಗೆಯ ಒಂದೇ ತಿಂಗಳ ದುಡ್ಡಲ್ಲಿ ಮಾಕ್ ಸರಣಿ ಬರುತ್ತದೆ.

ಕೋಚಿಂಗ್‌ಗೆ ಬದಲಾಗಿ ಇಬ್ಬರು ಮೂವರು ಸ್ನೇಹಿತರು ಸೇರಿ ವಾರಕ್ಕೊಮ್ಮೆ ಕೂರುವುದು ನನಗೆ ಜಾಸ್ತಿ ಇಷ್ಟ. ಎಲ್ಲರೂ ಅದೇ ಪ್ಯಾಸೇಜ್ ಮಾಡಿಕೊಂಡು ಬರಬೇಕು. ಉತ್ತರ ನೋಡುವ ಮುಂಚೆ ಒಬ್ಬರಿಗೊಬ್ಬರು ವಾದ ಮಾಡಬೇಕು. ಖರ್ಚು ಕಾಫಿಯದ್ದು ಅಷ್ಟೇ.

ಹೊರದೇಶದ ಪರೀಕ್ಷೆಗಳ ಸಾಮಗ್ರಿ

ಹಳೇ ಕ್ಯಾಟ್ ಪತ್ರಿಕೆ ಮುಗಿಸಿದವರಿಗೆ ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್ ಒಳ್ಳೆಯ ಮುಂದಿನ ಹೆಜ್ಜೆ. ಅದರ ಓದಿನ ಭಾಗದಲ್ಲಿ 35 ನಿಮಿಷಕ್ಕೆ ನಾಲ್ಕು ಸೆಟ್. ತಪ್ಪು ಆಪ್ಷನ್‌ಗಳನ್ನು ಬಹಳ ಜತನದಿಂದ ಬರೆದಿರುತ್ತಾರೆ, ಎರಡು ಉತ್ತರ ಸರಿ ಅನ್ನುವ ಜಗಳಕ್ಕೆ ಜಾಗವೇ ಇರುವುದಿಲ್ಲ. ಪರೀಕ್ಷೆ ನಡೆಸುವವರ ತಾಣ ಲಾಹಬ್‌ನಲ್ಲಿ ಉಚಿತ ಖಾತೆ ತೆರೆದರೆ ಕೆಲವು ಅಧಿಕೃತ ಪರೀಕ್ಷೆಗಳು ಸಿಗುತ್ತವೆ. ಆದರೆ ಶುರುವಿನವರಿಗೆ ಇದು ಭಾರ.

ಜಿಆರ್‌ಇ ಸಾಮಗ್ರಿ ಕ್ಯಾಟ್‌ಗೆ ಅಷ್ಟು ಹೊಂದುವುದಿಲ್ಲ. ಅಲ್ಲಿ ಪ್ಯಾಸೇಜ್ ಹೆಚ್ಚಾಗಿ ಒಂದೇ ಪ್ಯಾರಾದ್ದು, ಪದಸಂಪತ್ತಿನ ಪ್ರಶ್ನೆಗಳೂ ಜಾಸ್ತಿ. ಹೊರದೇಶದಲ್ಲಿ ಎಂಎಸ್ ಮಾಡಲು ಜಿಆರ್‌ಇ ಬರೆಯುವವರಿಗಾದರೆ ಆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯೇ ಕೊಡುವ ಎರಡು ಉಚಿತ ಪವರ್‌ಪ್ರೆಪ್ ಅಭ್ಯಾಸ ಪರೀಕ್ಷೆಗಳೇ ಮೊದಲ ಆಯ್ಕೆ, ಅವುಗಳನ್ನು ಪರೀಕ್ಷೆಗೆ ಹತ್ತಿರದ ವಾರಗಳಿಗೆ ಉಳಿಸಿಕೊಳ್ಳಬೇಕು.

ನಮ್ಮ ದೇಶದ್ದೇ ಇನ್ನೊಂದು ಆಯ್ಕೆ, ಜಮ್ಶೆಡ್‌ಪುರದ ಮ್ಯಾನೇಜ್‌ಮೆಂಟ್ ಕಾಲೇಜು ಎಕ್ಸ್‌ಎಲ್‌ಆರ್‌ಐ ನಡೆಸುವ ಎಂಬಿಎ ಪ್ರವೇಶ ಪರೀಕ್ಷೆ ಝ್ಯಾಟ್‌ನ ಹಳೇ ಪತ್ರಿಕೆಗಳು. ಅಲ್ಲಿ ಒಮ್ಮೊಮ್ಮೆ ಕವಿತೆ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಕ್ಯಾಟ್ ಮಾತ್ರ ಬರೆಯುವವರು ಕವಿತೆ ಬಿಟ್ಟು ಗದ್ಯ ಮಾಡಬಹುದು.

ಎಐ ಚಾಟ್

ಈಗ ಎಲ್ಲರ ಕೈಯಲ್ಲೂ ಇದೆ, ಆದ್ದರಿಂದ ಹೇಳಲೇಬೇಕು. ಉದ್ದನೆಯ ವಾಕ್ಯವನ್ನು ಬಿಡಿಸಿ ಹೇಳು, ಈ ಪ್ಯಾರಾದ ಹಿನ್ನೆಲೆ ಕನ್ನಡದಲ್ಲಿ ಹೇಳು ಅಂದರೆ ಚೆನ್ನಾಗಿ ಹೇಳುತ್ತದೆ. ಯಾವ ಹೊತ್ತಲ್ಲಿ ಕೇಳಿದರೂ ಬೇಸರ ಮಾಡಿಕೊಳ್ಳುವುದಿಲ್ಲ. ಕ್ಯಾಟ್ ಮಾದರಿಯ ಪ್ರಶ್ನೆ ಬರೆದುಕೊಡು ಅಂದಾಗ ಮಾತ್ರ ಹುಷಾರು. ತಪ್ಪು ಆಪ್ಷನ್‌ಗಳು ನೋಡಿದ ತಕ್ಷಣ ತಪ್ಪು ಅಂತ ಗೊತ್ತಾಗುವಂತೆ ಇರುತ್ತವೆ, ಇಲ್ಲವೇ ಎರಡು ಉತ್ತರ ಸರಿ ಇರುತ್ತವೆ. ಕೊಟ್ಟ ಉತ್ತರ ತಪ್ಪಾಗಿದ್ದರೂ ಅಷ್ಟೇ ಧೈರ್ಯದಿಂದ ಸಮರ್ಥನೆ ಕೊಡುತ್ತದೆ. ಅಧಿಕೃತ ಉತ್ತರ ಮೊದಲೇ ಗೊತ್ತಿರುವ ಹಳೇ ಪ್ರಶ್ನೆಗಳಿಗೆ ವಿವರಣೆ ಕೇಳಲು ಬಳಸಿ, ಅದರಾಚೆ ಬೇಡ.

ಯಾರಿಗೆ ಯಾವುದು

ದುಡ್ಡು ಖರ್ಚು ಮಾಡುವ ಸ್ಥಿತಿಯಲ್ಲಿ ಇಲ್ಲ, ಸಮಯ ಇದೆ ಅನ್ನುವವರಿಗೆ: ಗ್ರಂಥಾಲಯದ ದಿನಪತ್ರಿಕೆ, ಹಳೇ ಪ್ರಶ್ನೆಪತ್ರಿಕೆ, ಬಿಟ್ಟಿ ಮಾಕ್‌ಗಳು, ಸ್ನೇಹಿತರ ಗುಂಪು. ಆರ್‌ಸಿ ಮಟ್ಟಿಗೆ ಇದರಲ್ಲಿ ದೊಡ್ಡ ಕೊರತೆ ಏನೂ ಇಲ್ಲ.

ಬೆಂಗಳೂರಿನಲ್ಲಿ ಐಟಿ ಕೆಲಸ, ದಿನಕ್ಕೆ ಒಂದೇ ಗಂಟೆ, ದುಡ್ಡಿಗೆ ತೊಂದರೆ ಇಲ್ಲ ಅನ್ನುವವರಿಗೆ: ವಾರದ ದಿನ ಒಂದೊಂದು ಹಳೇ ಪ್ಯಾಸೇಜ್ ಮತ್ತು ಅದರ ತಪ್ಪಿನ ಲೆಕ್ಕ, ಶನಿವಾರ ಸೆಕ್ಷನಲ್, ಎರಡು ವಾರಕ್ಕೊಮ್ಮೆ ಭಾನುವಾರ ಪೂರ್ತಿ ಮಾಕ್. ಮೆಟ್ರೋದಲ್ಲಿ ಒಂದು ಪ್ರಬಂಧ ಓದಬಹುದು, ಆದರೆ ಅದನ್ನು ಅಭ್ಯಾಸ ಅಂತ ಲೆಕ್ಕಕ್ಕೆ ಹಿಡಿಯಬೇಡಿ.

ಇಂಗ್ಲಿಷ್ ವಾಕ್ಯವೇ ಕೈಗೆ ಸಿಗುತ್ತಿಲ್ಲ ಅನ್ನುವವರು ಮೊದಲ ಎರಡು ತಿಂಗಳು ಟೈಮರ್ ಮುಟ್ಟಬೇಡಿ. ದಿನಪತ್ರಿಕೆ ಮತ್ತು ಒಂದು ಪುಸ್ತಕದ ಸುಲಭದ ಭಾಗ ಸಾಕು. ಉದ್ದ ವಾಕ್ಯ ಬಂದಾಗ ಯಾರು, ಏನು ಮಾಡಿದರು ಅಂತ ಮೊದಲು ಹುಡುಕಿ, ನಡುವಿನ ವಿವರಣೆ ಆಮೇಲೆ ಓದಿ. ಮಾಕ್ ಸರಣಿ ಮೂರನೇ ತಿಂಗಳಿಗೆ.

ನಿಮ್ಮ ಗುರಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪಿಜಿಸಿಇಟಿಯ ಎಂಬಿಎ ಪತ್ರಿಕೆಯಾದರೆ ಇಷ್ಟೆಲ್ಲ ಬೇಡ. ಅಲ್ಲಿ 100 ಪ್ರಶ್ನೆಗಳಲ್ಲಿ ಇಂಗ್ಲಿಷ್ ಒಂದು ಭಾಗ ಮಾತ್ರ, ಸಾಮಾನ್ಯ ಜ್ಞಾನ, ಗಣಿತ, ರೀಸನಿಂಗ್ ಜೊತೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಪ್ರಶ್ನೆ ಬಿಡುವ ಕಲೆಯೂ ಬೇಕಾಗಿಲ್ಲ, ಎಲ್ಲಕ್ಕೂ ಉತ್ತರ ತುಂಬಿ ಬರಬೇಕು. ಹಳೇ ಪಿಜಿಸಿಇಟಿ ಪತ್ರಿಕೆ, ವ್ಯಾಕರಣ, ಪದಗಳು, ಒಂದು ಸಾಧಾರಣ ಪುಸ್ತಕ ಇದ್ದರೆ ಆಯಿತು. ಸಿಯುಇಟಿ ಪಿಜಿ ಬರೆಯುವವರು ಮಾತ್ರ ನೆನಪಿಡಿ: ಸರಿ ಉತ್ತರಕ್ಕೆ 4, ತಪ್ಪಿಗೆ ಮೈನಸ್ 1. ಯಾವ ಪರೀಕ್ಷೆಯಾದರೂ ಆ ವರ್ಷದ ಅಧಿಸೂಚನೆ ಓದಿಯೇ ಶುರು ಮಾಡಿ, ಮಾದರಿ ಬದಲಾಗುತ್ತಿರುತ್ತದೆ.

ಕೊನೆಯ ಮೂರು ವಾರಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಡಿ. ಎತ್ತಿಟ್ಟಿದ್ದ ಎರಡು ವರ್ಷದ ಪತ್ರಿಕೆಗಳನ್ನು ಆಗ ತೆಗೆಯಿರಿ. ಎರಡು ವರ್ಷ, ಆರು ಸ್ಲಾಟ್. ವಾರಕ್ಕೆ ಎರಡರಂತೆ ಮಾಡಿದರೆ ಸರಿಯಾಗಿ ಮುಗಿಯುತ್ತವೆ. ನಿಮ್ಮ ಸ್ಲಾಟ್ ಬೆಳಗ್ಗೆಯೋ ಮಧ್ಯಾಹ್ನವೋ ಸಂಜೆಯೋ ಅನ್ನುವುದು ಹಾಲ್ ಟಿಕೆಟ್‌ನಲ್ಲಿ ಇರುತ್ತದೆ. ಅದೇ ಹೊತ್ತಿಗೆ, ಕಂಪ್ಯೂಟರ್ ಮುಂದೆ ಕೂತು ಬರೆಯಿರಿ.